ಆಸ್ಪತ್ರೆಯ ನೋಂದಣಿಯಲ್ಲಿ ಧರ್ಮದ ಕಾಲಂ: ಪದೇ ಪದೇ ಕೇಳುವ ಪ್ರಶ್ನೆಗಳು

ನೋಂದಣಿ ಕೌಂಟರಿನ ಸಿಬ್ಬಂದಿ ಹೆಸರು, ವಯಸ್ಸು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದುಕೊಂಡು, ಕಂಪ್ಯೂಟರಿನ ಮೇಲಿನ ಕಣ್ಣು ಕೀಳದೆಯೇ ‘ಧರ್ಮ?’ ಎಂದು ಕೇಳುವುದುಂಟು. ಜ್ವರಕ್ಕೆ ಔಷಧ ಬರೆಸಿಕೊಳ್ಳಲು ಬಂದವರಿಗೆ ಈ ಪ್ರಶ್ನೆ ಅಸಂಬದ್ಧವೆನಿಸುತ್ತದೆ; ಶಸ್ತ್ರಚಿಕಿತ್ಸೆಗೆ ದಾಖಲಾಗಲು ಬಂದವರಲ್ಲಿ ಅನುಮಾನ ಹುಟ್ಟಿಸುತ್ತದೆ; ಇನ್ನು ಕೆಲವರಿಗೆ ಕೇಳಿದ್ದೇ ಒಳ್ಳೆಯದಾಯಿತೆನಿಸುತ್ತದೆ. ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ ಹಲವು ವರ್ಷ ಕೇಸ್ ಶೀಟುಗಳನ್ನು ಜೋಡಿಸಿಟ್ಟವನಾದ್ದರಿಂದ ಈ ಕಾಲಂ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲೆಲ್ಲಿ ಸುಮ್ಮನೆ ಕುಳಿತಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ರೋಗಿಗಳೂ ಅವರ ಮನೆಯವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಆಸ್ಪತ್ರೆಯವರು ಧರ್ಮವನ್ನು ಕೇಳುವುದಾದರೂ ಏಕೆ?

ಆಸ್ಪತ್ರೆಯ ಮಟ್ಟಿಗೆ ಇದು ಬಹಳ ಹಳೆಯ ಪ್ರಶ್ನೆ. ಧಾರ್ಮಿಕ ಸಂಸ್ಥೆಗಳೇ ಆಸ್ಪತ್ರೆಗಳನ್ನು ಕಟ್ಟಿ ನಡೆಸುತ್ತಿದ್ದ ಕಾಲದಲ್ಲಿ, ರೋಗಿ ಸಾಯುವ ಸ್ಥಿತಿಗೆ ಬಂದರೆ ಯಾವ ಗುರುಗಳನ್ನು ಕರೆಸಬೇಕು, ದೇಹವನ್ನು ಯಾರ ವಶಕ್ಕೆ ಕೊಡಬೇಕು ಎಂಬುದು ಮೊದಲೇ ತಿಳಿದಿರಬೇಕಾಗಿತ್ತು. ಆ ಕಾಲದ ದಪ್ಪ ರಿಜಿಸ್ಟರಿನಲ್ಲಿದ್ದ ಕಾಲಂ ಮುದ್ರಿತ ನಮೂನೆಗೆ ಬಂತು, ಅಲ್ಲಿಂದ ತಂತ್ರಾಂಶಕ್ಕೂ ಬಂತು. ಏಕೆ ಇದೆ ಎಂದು ಕೌಂಟರಿನಲ್ಲಿ ಕೇಳಿದರೆ ‘ಸಿಸ್ಟಂ ಕೇಳುತ್ತದೆ’ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. ಕೂತವರಿಗೆ ನಿಜವಾಗಿಯೂ ಅದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ.

ಹಾಗೆಂದು ಪ್ರಶ್ನೆಗೆ ಅರ್ಥವೇ ಇಲ್ಲವೆನ್ನಲಾಗದು. ರೋಗಿ ಏನನ್ನು ಉಣ್ಣುವುದಿಲ್ಲ, ಯಾವಾಗ ಉಪವಾಸವಿರುತ್ತಾರೆ, ರಕ್ತ ಪಡೆಯಲು ಒಪ್ಪುತ್ತಾರೆಯೇ, ಪ್ರಾಣಿಮೂಲದ ಔಷಧಕ್ಕೆ ಆಕ್ಷೇಪವಿದೆಯೇ, ಮೈಮೇಲಿನ ಯಾವ ವಸ್ತುವನ್ನು ಕೇಳದೆ ತೆಗೆಯಬಾರದು, ಕೊನೆಗಾಲದಲ್ಲಿ ಯಾರು ಬಳಿಯಲ್ಲಿರಬೇಕು ಎಂಬ ವಿಚಾರಗಳು ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದವು. ವಿಶ್ವ ವೈದ್ಯಕೀಯ ಸಂಘವು 1981ರಲ್ಲಿ ಲಿಸ್ಬನ್‌ನಲ್ಲಿ ಅಂಗೀಕರಿಸಿದ ರೋಗಿಗಳ ಹಕ್ಕುಗಳ ಘೋಷಣೆಯಲ್ಲಿ, ತನ್ನ ಆಯ್ಕೆಯ ಧರ್ಮಗುರುವಿನ ನೆರವನ್ನು ಪಡೆಯುವುದೂ ಬೇಡವೆನ್ನುವುದೂ ರೋಗಿಯ ಹಕ್ಕು ಎಂದಿದೆ. ಏನೂ ಕೇಳದೆ ಈ ಹಕ್ಕನ್ನು ನಡೆಸಿಕೊಡುವುದು ಆಸ್ಪತ್ರೆಗೆ ಕಷ್ಟ. ತೊಂದರೆಯಿರುವುದು ಬೇರೆ ಕಡೆ: ಮೇಲೆ ಹೇಳಿದ ಆರೇಳು ಪ್ರಶ್ನೆಗಳನ್ನು ಕೇಳುವ ಶ್ರಮ ತಪ್ಪಿಸಿಕೊಂಡು, ಎಲ್ಲಕ್ಕೂ ಸೇರಿ ಒಂದೇ ಪದದ ಉತ್ತರವನ್ನು ಬರೆದುಕೊಳ್ಳುವುದರಲ್ಲಿ.

ಉತ್ತರ ಕೊಡಲೇಬೇಕೆ?

ಸಾಮಾನ್ಯವಾಗಿ ಬೇಕಾಗಿಲ್ಲ. ‘ಹೇಳಲು ಇಷ್ಟವಿಲ್ಲ’ ಎನ್ನುವುದು ಪೂರ್ಣವಾದ ಉತ್ತರ. ಅದಕ್ಕೆ ಕಾರಣ ಕೊಡುವ ಅಗತ್ಯವಿಲ್ಲ.

ಈ ವಿಷಯದಲ್ಲಿ ಬೇರೆ ಬೇರೆ ದೇಶಗಳ ಕಾನೂನುಗಳು ಬೇರೆ ಬೇರೆ ದಾರಿ ಹಿಡಿದಿವೆ. ಜರ್ಮನಿಯ 1919ರ ವೈಮಾರ್ ಸಂವಿಧಾನವು ಯಾರೂ ತಮ್ಮ ಧಾರ್ಮಿಕ ನಂಬಿಕೆಯನ್ನು ಬಹಿರಂಗಪಡಿಸಲು ಬದ್ಧರಲ್ಲವೆಂದು ಹೇಳಿತು. ಅದೇ ಸಂವಿಧಾನದ ಇನ್ನೊಂದು ವಿಧಿ, ಆಸ್ಪತ್ರೆಗಳಲ್ಲಿ ಅಗತ್ಯವಿರುವೆಡೆ ಧಾರ್ಮಿಕ ಸೇವೆಗೆ ಅವಕಾಶವಿರಬೇಕೆಂದೂ ಯಾರ ಮೇಲೂ ಅದನ್ನು ಹೇರಬಾರದೆಂದೂ ಹೇಳಿತು. ಆ ದೇಶದ ಈಗಿನ ಸಂವಿಧಾನವಾದ 1949ರ ಮೂಲ ಕಾನೂನು ಈ ಎರಡೂ ವಿಧಿಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಒಂದು ವಿಧಿ ಕೇಳುವುದಕ್ಕೆ ಕಾರಣ ಕೊಟ್ಟರೆ ಇನ್ನೊಂದು ಹೇಳದಿರುವುದಕ್ಕೆ ರಕ್ಷಣೆ ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ಈ ಜೋಡಣೆಗಿಂತ ಸರಿಯಾದುದು ಬೇರಿಲ್ಲ. ಫ್ರಾನ್ಸಿನಲ್ಲಿ 1978ರ ಕಾನೂನಿನಿಂದಲೇ ವ್ಯಕ್ತಿಯ ಧಾರ್ಮಿಕ ಅಭಿಪ್ರಾಯವನ್ನು ಸ್ಪಷ್ಟ ಒಪ್ಪಿಗೆಯಿಲ್ಲದೆ ಗಣಕದಲ್ಲಿ ದಾಖಲಿಸುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮಾವಳಿಯ 9ನೆಯ ವಿಧಿಯು ಧಾರ್ಮಿಕ ನಂಬಿಕೆಯನ್ನು ಆರೋಗ್ಯದ ಮಾಹಿತಿಯ ಜೊತೆಯಲ್ಲೇ ವಿಶೇಷ ವರ್ಗದಲ್ಲಿ ಇಟ್ಟಿದೆ. ಭಾರತದಲ್ಲಿ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪಟ್ಟಿಮಾಡಿದ ಸೂಕ್ಷ್ಮ ವೈಯಕ್ತಿಕ ಮಾಹಿತಿಯಲ್ಲಿ ಆರೋಗ್ಯ ಸ್ಥಿತಿಯೂ ವೈದ್ಯಕೀಯ ದಾಖಲೆಯೂ ಸೇರಿದ್ದವು, ಧರ್ಮ ಸೇರಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವನ್ನೇ ಇಟ್ಟುಕೊಂಡಿಲ್ಲ. ಇಡೀ ಜನರ ಲೆಕ್ಕ ತೆಗೆಯುವ ಜನಗಣತಿಯಲ್ಲಿಯೂ ಈ ಪ್ರಶ್ನೆಯನ್ನು ಐಚ್ಛಿಕವಾಗಿ ಬಿಟ್ಟ ನಿದರ್ಶನವಿದೆ: ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಗಣತಿಯಲ್ಲಿ ಉತ್ತರಿಸದೆ ಬಿಡಬಹುದಾಗಿದ್ದ ಪ್ರಶ್ನೆ ಧರ್ಮದ್ದೊಂದೇ.

ಉತ್ತರಿಸದಿದ್ದರೆ ಚಿಕಿತ್ಸೆ ತಡವಾಗುತ್ತದೆಯೇ?

ತಡವಾಗಬಾರದು. ವೈದ್ಯಕೀಯ ಪ್ರಮಾಣವಚನವೆಂದೇ ಪರಿಗಣಿಸಲಾಗುವ 1948ರ ಜಿನೀವಾ ಘೋಷಣೆಯು, ರೋಗಿ ಮತ್ತು ವೈದ್ಯರ ಕರ್ತವ್ಯದ ನಡುವೆ ಬರಕೂಡದವುಗಳಲ್ಲಿ ಧರ್ಮವನ್ನೂ ಹೆಸರಿಸಿದೆ. ಕಾಲಂ ತುಂಬದೆ ಪರದೆ ಮುಂದೆ ಸರಿಯುವುದಿಲ್ಲವೆಂದು ಸಿಬ್ಬಂದಿ ಹೇಳಿದರೆ, ಅದು ತಂತ್ರಾಂಶದ ದೋಷ. ‘ತಿಳಿಸಿಲ್ಲ’ ಎಂಬ ಆಯ್ಕೆಯನ್ನು ಸೇರಿಸುವುದು ಕೆಲವೇ ನಿಮಿಷದ ಕೆಲಸ. ತುರ್ತು ಚಿಕಿತ್ಸಾ ಘಟಕದಲ್ಲಂತೂ ಈ ಪ್ರಶ್ನೆಗೆ ಜಾಗವೇ ಇಲ್ಲ.

ರಕ್ತ ಕೊಡುವ ವಿಚಾರದಲ್ಲಾದರೂ ಧರ್ಮ ಗೊತ್ತಿರಬೇಡವೇ?

ಧರ್ಮದ ಕಾಲಂ ಸಮರ್ಥಿಸುವವರೆಲ್ಲ ಮೊದಲು ಕೊಡುವ ಉದಾಹರಣೆ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು 1945ರಿಂದ ಬಂದ ತಮ್ಮ ಬೋಧನೆಯಂತೆ ಇಡೀ ರಕ್ತವನ್ನಾಗಲಿ, ಅದರ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾಗಳನ್ನಾಗಲಿ ಪಡೆಯುವುದಿಲ್ಲ. ತಮ್ಮದೇ ರಕ್ತವನ್ನು ಮೊದಲೇ ತೆಗೆಸಿಟ್ಟು ಶಸ್ತ್ರಚಿಕಿತ್ಸೆಯಲ್ಲಿ ವಾಪಸ್ ಪಡೆಯುವುದನ್ನೂ ಅವರು ಒಪ್ಪುವುದಿಲ್ಲ. ಆದರೆ ಆಲ್ಬುಮಿನ್, ಇಮ್ಯುನೋಗ್ಲಾಬ್ಯುಲಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳಂತಹ ಉಪಭಾಗಗಳ ವಿಷಯವನ್ನೂ, ಶಸ್ತ್ರಚಿಕಿತ್ಸೆಯ ವೇಳೆ ಸೋರಿದ ರಕ್ತವನ್ನು ಯಂತ್ರದಲ್ಲಿ ಶುದ್ಧಗೊಳಿಸಿ ಆಗಲೇ ದೇಹಕ್ಕೆ ಹಿಂತಿರುಗಿಸುವ ವಿಧಾನವನ್ನೂ ಆಯಾ ವ್ಯಕ್ತಿಯ ಮನಸ್ಸಾಕ್ಷಿಗೆ ಬಿಡಲಾಗಿದೆ. ಎಂದರೆ ಒಂದೇ ಪಂಥದ ಇಬ್ಬರು ರೋಗಿಗಳಲ್ಲಿ ಒಬ್ಬರು ಆಲ್ಬುಮಿನ್‌ಗೆ ಹೂಂ ಎನ್ನಬಹುದು, ಇನ್ನೊಬ್ಬರು ಬೇಡವೆನ್ನಬಹುದು.

ಈಗ ನೋಂದಣಿಯ ಕಾಲಂ ನೋಡಿ. ಅಲ್ಲಿರುವುದು ‘ಕ್ರೈಸ್ತ’ ಎಂಬ ಒಂದು ಆಯ್ಕೆ. ಅದನ್ನು ಓದಿದ ಅರಿವಳಿಕೆ ತಜ್ಞರಿಗೆ ಏನು ತಿಳಿಯಿತು? ಏನೂ ಇಲ್ಲ. ಹಾಗೆಂದು ಪಂಥದ ಹೆಸರನ್ನೇ ನಿಖರವಾಗಿ ಬರೆದಿದ್ದರೂ ಅದು ನಿರಾಕರಣೆಯ ಪತ್ರವಾಗುವುದಿಲ್ಲ, ಏಕೆಂದರೆ ಎಲ್ಲರ ಎದುರಿಗೆ ಬೇಡವೆಂದವರು ವೈದ್ಯರೊಬ್ಬರೇ ಇದ್ದಾಗ ಬೇರೆ ಮಾತು ಹೇಳಬಹುದು. ಬೇಕಾಗಿರುವುದು ಶಸ್ತ್ರಚಿಕಿತ್ಸೆಗೆ ಸಾಕಷ್ಟು ಮೊದಲು ವೈದ್ಯರು ರೋಗಿಯೊಬ್ಬರನ್ನೇ ಕೂರಿಸಿಕೊಂಡು, ಯಾವ ಯಾವ ಅಂಶ ಬೇಕು, ಯಾವುದು ಬೇಡ ಎಂದು ಸಾಲುಸಾಲಾಗಿ ಕೇಳಿ ಸಹಿ ಪಡೆಯುವುದು. ಕಬ್ಬಿಣಾಂಶ ಮತ್ತು ಕೆಂಪು ಕಣಗಳನ್ನು ಹೆಚ್ಚಿಸುವ ಎರಿಥ್ರೋಪೊಯಿಟಿನ್ ಕೊಟ್ಟು ಹಿಮೋಗ್ಲೋಬಿನ್ ಏರಿಸಿಕೊಳ್ಳಲು ಆಗ ಸಮಯವೂ ಸಿಗುತ್ತದೆ.

ನ್ಯಾಯಾಲಯಗಳೂ ವ್ಯಕ್ತಿಯ ಮಾತಿಗೇ ತೂಕ ಕೊಟ್ಟಿವೆ. ಕೆನಡಾದ ‘ಮ್ಯಾಲೆಟ್ ವಿರುದ್ಧ ಶುಲ್ಮನ್’ ಪ್ರಕರಣದಲ್ಲಿ, 1979ರ ರಸ್ತೆ ಅಪಘಾತವೊಂದರಲ್ಲಿ ಗಾಯಗೊಂಡು ಪ್ರಜ್ಞೆ ತಪ್ಪಿದ್ದ ಮಹಿಳೆಯ ಪರ್ಸಿನಲ್ಲಿ, ಯಾವ ಸಂದರ್ಭದಲ್ಲೂ ತನಗೆ ರಕ್ತ ಕೊಡಬಾರದೆಂದು ಫ್ರೆಂಚ್ ಭಾಷೆಯಲ್ಲಿ ಮುದ್ರಿಸಿದ್ದ, ಆಕೆ ಸಹಿ ಮಾಡಿದ್ದ ಕಾರ್ಡು ನರ್ಸಿಗೆ ಸಿಕ್ಕಿತು. ಅದರ ಮೇಲೆ ದಿನಾಂಕವಿರಲಿಲ್ಲ, ಸಾಕ್ಷಿಯ ಸಹಿಯೂ ಇರಲಿಲ್ಲ. ವೈದ್ಯರು ಪ್ರಾಣ ಉಳಿಸಲು ರಕ್ತ ಕೊಟ್ಟರು. ಆಕೆ ಬದುಕಿ, ಮೊಕದ್ದಮೆ ಹೂಡಿದರು. ಆಕೆಗೆ 20,000 ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ಒಂಟಾರಿಯೋದ ಮೇಲ್ಮನವಿ ನ್ಯಾಯಾಲಯ 1990ರಲ್ಲಿ ಎತ್ತಿಹಿಡಿಯಿತು. ಅಲ್ಲಿ ನಿರ್ಣಾಯಕವಾದದ್ದು ಆಕೆಯ ಧರ್ಮ ಯಾವುದೆಂಬುದಲ್ಲ, ಆಕೆ ತನ್ನ ಕೈಯಾರೆ ಸಹಿ ಮಾಡಿ ಜೊತೆಯಲ್ಲಿಟ್ಟುಕೊಂಡಿದ್ದ ನಿರಾಕರಣೆ. ಮಕ್ಕಳ ವಿಷಯ ಬೇರೆ: ತಂದೆತಾಯಿ ಬೇಡವೆಂದರೂ ಮಗುವಿನ ಜೀವಕ್ಕೆ ಅಪಾಯವಿದ್ದಾಗ ರಕ್ತ ಕೊಡಲು ಹಲವು ದೇಶಗಳ ನ್ಯಾಯಾಲಯಗಳು ಅನುಮತಿ ನೀಡುತ್ತ ಬಂದಿವೆ.

ಊಟ, ಉಪವಾಸ ಮತ್ತು ಔಷಧಗಳ ಬಗ್ಗೆ ಧರ್ಮ ಹೇಳಿದರೆ ಸಾಕಲ್ಲವೇ?

ಸಾಲದು. ಒಂದೇ ಧರ್ಮದವರಲ್ಲಿ, ಒಂದೇ ಮನೆಯವರಲ್ಲಿ ಕೂಡ, ಉಣ್ಣುವ ಬಗೆ ಬೇರೆಯಾಗಿರುತ್ತದೆ. ನಾನು ಕಂಡ ಒಂದು ಕೇಸ್ ಶೀಟಿನಲ್ಲಿ ಒಳರೋಗಿಯೊಬ್ಬರ ಧರ್ಮವನ್ನು ಬರೆದುಕೊಂಡ ಆಧಾರದ ಮೇಲೆ ಅಡುಗೆಮನೆಯವರು ಪಥ್ಯವನ್ನು ನಿಗದಿ ಮಾಡಿದ್ದರು. ಮೊದಲ ದಿನ ತಟ್ಟೆ ಮುಚ್ಚಳ ತೆಗೆಯದೆಯೇ ವಾಪಸ್ಸಾಯಿತು, ಎರಡನೆಯ ದಿನವೂ ಹಾಗೆಯೇ ಆಯಿತು. ನರ್ಸ್ ‘ಆಹಾರ ಸೇವಿಸಿಲ್ಲ’ ಎಂದು ಬರೆದರು. ಅದನ್ನು ಓದಿದ ವೈದ್ಯರು ಹಸಿವು ಹೆಚ್ಚಿಸುವ ಔಷಧ ಬರೆದರು. ಮೂರನೆಯ ದಿನ ಆಹಾರ ತಜ್ಞೆ ಮಂಚದ ಬಳಿ ನಿಂತು ‘ನೀವು ಏನು ಉಣ್ಣುತ್ತೀರಿ?’ ಎಂದು ಕೇಳಿದಾಗ ಇಡೀ ಸಮಸ್ಯೆ ಅರ್ಧ ನಿಮಿಷದಲ್ಲಿ ಬಗೆಹರಿಯಿತು. ರೋಗಿ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದರೆ, ‘ಬರೆದುಕೊಂಡಿದ್ದರಲ್ಲ, ಗೊತ್ತಿರುತ್ತದೆ ಅಂದುಕೊಂಡೆ’ ಎಂದರಂತೆ. ಧರ್ಮ ಕೇಳಿಸಿಕೊಂಡ ಮೇಲೆ ಉಳಿದದ್ದೆಲ್ಲ ಆಸ್ಪತ್ರೆಗೆ ತಿಳಿದಿದೆಯೆಂದು ರೋಗಿ ನಂಬುತ್ತಾರೆ, ರೋಗಿಗೆ ಬೇಕಾದದ್ದಿದ್ದರೆ ತಾವೇ ಹೇಳುತ್ತಾರೆಂದು ಆಸ್ಪತ್ರೆ ನಂಬುತ್ತದೆ.

ಉಪವಾಸದ ವಿಷಯ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಅಪಾಯವಿದೆ. 13 ದೇಶಗಳಲ್ಲಿ 2001ರಲ್ಲಿ ನಡೆದ ಎಪಿಡಿಯಾರ್ ಅಧ್ಯಯನದಲ್ಲಿ, ಮಧುಮೇಹವಿರುವ ಮುಸ್ಲಿಮರಲ್ಲಿ ಟೈಪ್ 1 ಇರುವವರ ಪೈಕಿ ಸುಮಾರು ಶೇ. 43ರಷ್ಟು, ಟೈಪ್ 2 ಇರುವವರ ಪೈಕಿ ಸುಮಾರು ಶೇ. 79ರಷ್ಟು ಜನ ರಂಜಾನ್ ಉಪವಾಸ ಮಾಡಿದ್ದು ಕಂಡುಬಂತು. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಆದರೆ ಇದೇ ಅಂಕಿಗಳನ್ನು ತಿರುಗಿಸಿ ಓದಿದರೆ, ಟೈಪ್ 1 ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಪವಾಸ ಮಾಡಿರಲಿಲ್ಲ; ಕಾಲಂ ನೋಡಿ ಊಹಿಸಿದವರು ಅವರಲ್ಲಿ ತಪ್ಪುತ್ತಿದ್ದರು. ಉಪವಾಸವೂ ಒಂದು ಧರ್ಮದ ಸೊತ್ತಲ್ಲ: ಜೈನರ ದೀರ್ಘ ಉಪವಾಸಗಳಿವೆ, ಯಹೂದಿಗಳ ಯೋಮ್ ಕಿಪ್ಪುರ್ ಇದೆ, ಹಿಂದೂಗಳಲ್ಲಿ ಏಕಾದಶಿಯಿದೆ. ಹೀಗಾಗಿ ಮಧುಮೇಹದ ಪ್ರತಿಯೊಬ್ಬ ರೋಗಿಗೂ ‘ವರ್ಷದಲ್ಲಿ ಯಾವಾಗಲಾದರೂ ಉಪವಾಸವಿರುತ್ತೀರಾ, ನೀರನ್ನೂ ಬಿಡುತ್ತೀರಾ?’ ಎಂದು ಕೇಳುವುದೇ ಸರಿ. ಆ ಪ್ರಶ್ನೆಯನ್ನು ಕೇಳಬೇಕಾದವರೂ ವೈದ್ಯರು, ಕೌಂಟರಿನವರಲ್ಲ.

ಔಷಧದ ಮಾತು ಬಂದಾಗ ಜನ ಕ್ಯಾಪ್ಸೂಲಿನ ಜೆಲಟಿನ್ ಒಂದನ್ನೇ ನೆನೆಯುತ್ತಾರೆ. ಆಸ್ಪತ್ರೆಯಲ್ಲಿ ಪ್ರಾಣಿಮೂಲದ ವಸ್ತುಗಳು ಅದಕ್ಕಿಂತ ಹೆಚ್ಚಿವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ಬರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಶ್ವಾಸಕೋಶಕ್ಕೆ ಕೊಡುವ ಸರ್ಫ್ಯಾಕ್ಟಂಟ್‌ಗಳಲ್ಲಿ ಪೊರಾಕ್ಟಂಟ್ ಹಂದಿಯದು, ಬೆರಾಕ್ಟಂಟ್ ದನದ್ದು. ಹೃದಯದ ಕವಾಟಗಳನ್ನು ಹಂದಿಯ ಕವಾಟದಿಂದಲೋ ದನದ ಹೃದಯಪೊರೆಯಿಂದಲೋ ಮಾಡುತ್ತಾರೆ. ಲೋಹದ ಕವಾಟವೂ ಉಂಟು. ಇನ್ಸುಲಿನ್ ಕೂಡ ಹಿಂದೆ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. 1982ರಲ್ಲಿ ಮಾನವ ಇನ್ಸುಲಿನ್ ಪ್ರಯೋಗಾಲಯದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಮೇಲೆ ಆ ಚಿಂತೆ ಬಹುಮಟ್ಟಿಗೆ ದೂರವಾಯಿತು. ಕೆಲವೆಡೆ ಬದಲಿ ಔಷಧವಿದೆ, ಉದಾಹರಣೆಗೆ ಕೆಲವು ಸಂದರ್ಭಗಳಲ್ಲಿ ಹೆಪಾರಿನ್ ಬದಲು ಪ್ರಾಣಿಮೂಲವಲ್ಲದ ಫೊಂಡಾಪರಿನಕ್ಸ್ ಕೊಡಬಹುದು. ಬದಲಿ ಇಲ್ಲದೆಡೆ ಜೀವ ಉಳಿಸುವ ಔಷಧಕ್ಕೆ ಅಡ್ಡಿಯಿಲ್ಲವೆಂದು ಆಯಾ ಧರ್ಮದ ವಿದ್ವಾಂಸರು ಹೇಳಿರುವುದೂ ಉಂಟು. ಇಲ್ಲಿ ಆಕ್ಷೇಪ ಇರುವುದು ಕಾಲಂನಲ್ಲಿ ಹೆಸರಿರುವ ಧರ್ಮದವರಿಗಷ್ಟೇ ಅಲ್ಲ, ಧರ್ಮವನ್ನೇ ಒಪ್ಪದ ಕಟ್ಟಾ ಸಸ್ಯಾಹಾರಿಗೂ ಇರಬಹುದು. ಅವರನ್ನು ಈ ಕಾಲಂ ಹಿಡಿಯುವುದೇ ಇಲ್ಲ.

ಹೆಸರು ನೋಡಿ ಸಿಬ್ಬಂದಿಯೇ ಧರ್ಮ ತುಂಬಿಬಿಟ್ಟರೆ?

ಇದು ನಾವು ಭಾವಿಸುವುದಕ್ಕಿಂತ ಹೆಚ್ಚು ನಡೆಯುತ್ತದೆ. ಸಾಲಿನಲ್ಲಿ ಜನ ನಿಂತಿದ್ದಾರೆ, ಕಾಲಂ ಕಡ್ಡಾಯವಾಗಿದೆ, ಕೇಳಲು ಸಂಕೋಚವೂ ಇದೆ; ಹೆಸರಿನ ಮೇಲೆ ಕಣ್ಣಾಡಿಸಿ ಪಟ್ಟಿಯಿಂದ ಒಂದನ್ನು ಆರಿಸಿಬಿಡುತ್ತಾರೆ. ವಿವಾಹಿತೆಯಾದರೆ ಗಂಡನ ಧರ್ಮ, ಮಗುವಾದರೆ ತಂದೆಯ ಧರ್ಮ. ಸಿಬ್ಬಂದಿಯಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲವೆಂದು ನಾನು ಒಪ್ಪುತ್ತೇನೆ. ಆದರೆ ಹಾಗೆ ತುಂಬಿದ ಕಾಲಂ ಖಾಲಿ ಕಾಲಂಗಿಂತ ಕೆಟ್ಟದ್ದು. ಖಾಲಿ ಇದ್ದರೆ ವಾರ್ಡಿನಲ್ಲಿ ಯಾರಾದರೂ ಕೇಳುತ್ತಾರೆ. ತುಂಬಿದ್ದರೆ ರೋಗಿ ತಾನೇ ಹೇಳಿದ್ದೆಂದು ಎಲ್ಲರೂ ನಂಬುತ್ತಾರೆ.

ತಪ್ಪಾಗಿ ದಾಖಲಾಗಿದ್ದರೆ ತಿದ್ದಿಸುವುದು ಹೇಗೆ?

ಚೀಟಿಯ ಮೇಲೋ ಡಿಸ್ಚಾರ್ಜ್ ಸಾರಾಂಶದ ಮೇಲೋ ತಪ್ಪು ಕಂಡರೆ ವೈದ್ಯಕೀಯ ದಾಖಲೆಗಳ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ. ತಿದ್ದಬೇಕೆಂದೋ, ಮಾಹಿತಿಯನ್ನು ತೆಗೆದುಹಾಕಬೇಕೆಂದೋ ಸ್ಪಷ್ಟವಾಗಿ ಬರೆಯಿರಿ. ತಪ್ಪು ಮಾಹಿತಿ ತಿದ್ದಿಸಿಕೊಳ್ಳುವ ಹಕ್ಕು ಐರೋಪ್ಯ ನಿಯಮಾವಳಿಯಲ್ಲೂ ಭಾರತದ 2023ರ ಕಾಯ್ದೆಯಲ್ಲೂ ಇದೆ. ಒಮ್ಮೆ ನೋಂದಣಿ ಸಂಖ್ಯೆ ಸಿಕ್ಕ ಮೇಲೆ ಹಳೆಯ ವಿವರವೇ ಪ್ರತಿ ಭೇಟಿಯಲ್ಲೂ ತಾನಾಗಿ ಮೂಡುವುದರಿಂದ, ಮೂಲ ನೋಂದಣಿಯಲ್ಲೇ ತಿದ್ದಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಒಂದೇ ಹೆಸರಿನ ಇಬ್ಬರು ರೋಗಿಗಳನ್ನು ಗುರುತಿಸಲು ಧರ್ಮ ಬೇಕೆನ್ನುತ್ತಾರಲ್ಲ?

ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ರೋಗಿ ಸುರಕ್ಷತೆಯ ಸೂಚನೆಗಳಲ್ಲಿ ಹೆಸರು, ಜನ್ಮದಿನಾಂಕದಂತಹ ಕನಿಷ್ಠ ಎರಡು ಗುರುತುಗಳನ್ನು ತಾಳೆ ನೋಡಬೇಕೆಂದಿದೆ. ಒಂದೇ ಹೆಸರಿನವರು ಬಹುತೇಕ ಒಂದೇ ಧರ್ಮದವರೂ ಆಗಿರುತ್ತಾರೆಂಬುದನ್ನು ಯೋಚಿಸಿದರೆ ಈ ವಾದ ಅಲ್ಲಿಗೇ ಮುಗಿಯುತ್ತದೆ.

ಕೆಲವು ಕಾಯಿಲೆಗಳು ಕೆಲವು ಸಮುದಾಯಗಳಲ್ಲಿ ಹೆಚ್ಚು ಎನ್ನುತ್ತಾರೆ. ಅದಕ್ಕಾದರೂ ಧರ್ಮ ಬೇಡವೇ?

ಕಾಯಿಲೆ ಬರುವುದು ವಂಶವಾಹಿಯಿಂದ, ನಂಬಿಕೆಯಿಂದಲ್ಲ. ಬಹುಕಾಲ ತಮ್ಮೊಳಗೇ ಮದುವೆಯಾಗುತ್ತ ಬಂದ ಗುಂಪುಗಳಲ್ಲಿ ಕೆಲವು ವಂಶವಾಹಿ ದೋಷಗಳು ಉಳಿದುಕೊಳ್ಳುತ್ತವೆ. ಆ ಗುಂಪಿನ ಎಲ್ಲೆ ಕೆಲವೊಮ್ಮೆ ಧರ್ಮದ ಎಲ್ಲೆಯ ಹತ್ತಿರ ಹೋಗುತ್ತದೆ, ಅಷ್ಟೇ. ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 30 ಜನರಿಗೊಬ್ಬರು, ಶಿಶುಗಳ ನರಮಂಡಲವನ್ನು ಹಾಳುಮಾಡುವ ಟೇ-ಸ್ಯಾಕ್ಸ್ ಕಾಯಿಲೆಯ ವಾಹಕರು, ಎಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ವಂಶವಾಹಿಯನ್ನು ಹೊತ್ತವರು. 1970ರ ದಶಕದಲ್ಲಿ ಆರಂಭವಾದ ವಾಹಕ ಪರೀಕ್ಷೆಗಳಿಂದ ಆ ಸಮುದಾಯದಲ್ಲಿ ಈ ಕಾಯಿಲೆಯಿರುವ ಶಿಶುಗಳ ಜನನ ಅಮೆರಿಕದಲ್ಲಿ ಶೇ. 90ಕ್ಕೂ ಹೆಚ್ಚು ಇಳಿಯಿತು. ಹುಟ್ಟಿನಿಂದ ಅಶ್ಕೆನಾಜಿಯಾಗಿದ್ದು ನಂತರ ಧರ್ಮ ಬಿಟ್ಟವರಿಗೆ ಆ ಪರೀಕ್ಷೆ ಬೇಕು. ಬೇರೆ ಮೂಲದಿಂದ ಬಂದು ಯಹೂದಿಯಾದವರಿಗೆ ಅದೇ ಕಾರಣಕ್ಕೆ ಬೇಕಿಲ್ಲ. ಕಾಲಂ ಇಬ್ಬರ ವಿಷಯದಲ್ಲೂ ತಪ್ಪು ಹೇಳುತ್ತದೆ.

ಇನ್ನೂ ಹತ್ತಿರದ ನಿದರ್ಶನ ಆರ್ಯವೈಶ್ಯರದು. ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸಲು ಬಳಸುವ ಸಕ್ಸಾಮಿಥೋನಿಯಂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ, ಏಕೆಂದರೆ ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಈ ಸಮುದಾಯದ ಕೆಲವರಲ್ಲಿ ಆ ಕಿಣ್ವದ ಕೊರತೆಯಿದ್ದು, ಶಸ್ತ್ರಚಿಕಿತ್ಸೆ ಮುಗಿದ ಮೇಲೂ ರೋಗಿ ಗಂಟೆಗಟ್ಟಲೆ ತಾನಾಗಿ ಉಸಿರಾಡಲಾಗದೆ ವೆಂಟಿಲೇಟರಿನಲ್ಲಿ ಇರಬೇಕಾಗಬಹುದು. ‘ಹಿಂದೂ’ ಎಂದು ಬರೆದ ಕಾಲಂನಿಂದ ಅರಿವಳಿಕೆ ತಜ್ಞರಿಗೆ ಇದರ ಸುಳಿವೇ ಸಿಗದು. ‘ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರವಾಗುವುದು ತಡವಾಗಿತ್ತೇ?’ ಎಂಬ ಒಂದು ಪ್ರಶ್ನೆಯಿಂದ ಸಿಗುತ್ತದೆ.

ಸಂಶೋಧನೆಗೆ ಈ ಮಾಹಿತಿ ಉಪಯೋಗವಾಗುವುದಿಲ್ಲವೇ?

ಆಗುತ್ತದೆ. 1963ರಲ್ಲಿ ಆರಂಭವಾದ ಮುಂಬೈ ಕ್ಯಾನ್ಸರ್ ನೋಂದಣಿಯಿಂದ ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರುವುದು ತಿಳಿದುಬಂದದ್ದು ಸಮುದಾಯವಾರು ಮಾಹಿತಿಯಿಂದಲೇ. ಯಾವ ಸಮುದಾಯಕ್ಕೆ ಆರೋಗ್ಯ ಸೇವೆ ಕಡಿಮೆ ತಲುಪುತ್ತಿದೆ ಎಂದು ಅಳೆಯಲು ಕೂಡ ಇಂತಹ ಅಂಕಿಗಳು ಬೇಕು; ಕೇಳುವುದನ್ನೇ ನಿಲ್ಲಿಸಿದರೆ ತಾರತಮ್ಯ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಅಂಕಿಅಂಶಕ್ಕೆ ಹೆಸರಿನ ಅಗತ್ಯವಿಲ್ಲ. ಉದ್ದೇಶ ತಿಳಿಸಿ, ಒಪ್ಪಿಗೆ ಪಡೆದು, ಹೆಸರಿನಿಂದ ಬೇರ್ಪಡಿಸಿ ಇಡುವ ವ್ಯವಸ್ಥೆಯಿದ್ದರೆ ಸಾಕು. ಊಹಿಸಿ ತುಂಬಿದ ಕಾಲಂನಿಂದ ಬರುವ ಅಂಕಿಗಳಿಂದ ಯಾವ ಸಂಶೋಧನೆಯೂ ಆಗದು.

ನಾನು ಹೇಳಿದ ಮಾಹಿತಿಯನ್ನು ಯಾರು ಯಾರು ನೋಡುತ್ತಾರೆ?

ಕೇಳಿ ತಿಳಿದುಕೊಳ್ಳಬೇಕಾದ ಮಾತೇ ಇದು. ಅನೇಕ ಕಡೆ ನೋಂದಣಿಯ ಮೊದಲ ಪುಟದ ವಿವರಗಳು ಪ್ರಯೋಗಾಲಯದ ಚೀಟಿ, ಎಕ್ಸ್‌ರೇ ಕೋಣೆ, ಬಿಲ್ಲಿಂಗ್, ಔಷಧಾಲಯ ಹೀಗೆ ಎಲ್ಲೆಡೆಯೂ ತೆರೆದುಕೊಳ್ಳುತ್ತವೆ. ರಕ್ತ ತೆಗೆಯುವವರಿಗಾಗಲಿ ಬಿಲ್ ಹಾಕುವವರಿಗಾಗಲಿ ರೋಗಿಯ ಧರ್ಮದಿಂದ ಆಗಬೇಕಾದದ್ದು ಏನೂ ಇಲ್ಲ. ಅಮೆರಿಕದಲ್ಲಿ 2003ರಿಂದ ಪಾಲನೆ ಕಡ್ಡಾಯವಾದ ಹಿಪಾ ಗೋಪ್ಯತಾ ನಿಯಮದಂತೆ, ಆಸ್ಪತ್ರೆಯ ಒಳರೋಗಿಗಳ ಪಟ್ಟಿಯಲ್ಲಿ ಧಾರ್ಮಿಕ ಸಂಬಂಧವನ್ನು ಸೇರಿಸಬಹುದು, ಆದರೆ ಅದನ್ನು ತಿಳಿಸಬಹುದಾದದ್ದು ಧರ್ಮಗುರುಗಳಿಗೆ ಮಾತ್ರ. ಹೆಸರು ಹಿಡಿದು ವಿಚಾರಿಸಿಕೊಂಡು ಬಂದ ಇತರರಿಗೆ ಅದನ್ನು ಹೇಳುವಂತಿಲ್ಲ. ಪಟ್ಟಿಯಲ್ಲಿ ತಮ್ಮ ವಿವರ ಬೇಡವೆನ್ನುವ ಅವಕಾಶವನ್ನೂ ರೋಗಿಗೆ ಕೊಡಬೇಕು.

ಹೆಸರು, ವಿಳಾಸ, ಧರ್ಮ ಮೂರೂ ಒಂದೇ ಕಡೆ ಸಿಗುವ ಪಟ್ಟಿಗೆ ಜನ ಹೆದರುವುದು ಸುಮ್ಮನೆ ಅಲ್ಲ. ನೆದರ್ಲೆಂಡ್ಸ್ ತನ್ನ ಜನಸಂಖ್ಯಾ ನೋಂದಣಿಯಲ್ಲಿ ಪ್ರತಿಯೊಬ್ಬರ ಧರ್ಮವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿತ್ತು, ಯಾವ ದುರುದ್ದೇಶವೂ ಇಲ್ಲದೆ. 1940ರಲ್ಲಿ ದೇಶವನ್ನು ಆಕ್ರಮಿಸಿದ ನಾಜಿಗಳಿಗೆ ಯಹೂದಿಗಳನ್ನು ಹುಡುಕಲು ಆ ದಾಖಲೆಗಳು ನೆರವಾದವು. ಅಲ್ಲಿನ ಪ್ರತಿರೋಧ ಚಳವಳಿಯವರು 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ಬೆಂಕಿ ಹಚ್ಚಿದರೂ ಬಹುಪಾಲು ಕಾರ್ಡುಗಳು ಉಳಿದವು. ಆ ದೇಶದ ಯಹೂದಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಕೊಲ್ಲಲ್ಪಟ್ಟರು. ಅದು ಆಸ್ಪತ್ರೆಯ ಪಟ್ಟಿಯಲ್ಲ, ನಿಜ. ಆದರೆ ಬರೆದಿಟ್ಟವರ ಉದ್ದೇಶ ಒಳ್ಳೆಯದಿದ್ದರೆ ಸಾಲದೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ನನಗೆ ಧರ್ಮವಿಲ್ಲ, ಅಥವಾ ಮನೆಯವರಿಗೆ ತಿಳಿಯದಂತೆ ಬೇರೆ ಧರ್ಮವನ್ನು ಪಾಲಿಸುತ್ತಿದ್ದೇನೆ. ಏನು ಹೇಳಲಿ?

ಧರ್ಮವಿಲ್ಲದವರು ‘ಇಲ್ಲ’ ಎಂದು ಹೇಳಬಹುದು. ‘ಇತರೆ’ ಎಂದು ಬರೆಯುವುದು ಅದಕ್ಕೆ ಸಮವಲ್ಲ; ‘ಇತರೆ’ ಎಂದರೆ ಬೇರಾವುದೋ ಇದೆ ಎಂದಾಗುತ್ತದೆ. ಎರಡನೆಯ ಪರಿಸ್ಥಿತಿ ಹೆಚ್ಚು ನಾಜೂಕಾದದ್ದು. ನೋಂದಣಿಯ ಹೊತ್ತಿಗೆ ಪಕ್ಕದಲ್ಲಿ ಗಂಡನೋ ಅತ್ತೆಯೋ ಮಕ್ಕಳೋ ನಿಂತಿರುತ್ತಾರೆ, ಹಿಂದೆ ಸಾಲಿನಲ್ಲಿ ಪರಿಚಿತರೂ ಇರಬಹುದು. ಅಲ್ಲಿ ನಿಜ ಹೇಳುವ ಬಲವಂತ ನಿಮಗಿಲ್ಲ. ಏನನ್ನೂ ಹೇಳದೆ ಬಿಟ್ಟು, ಚಿಕಿತ್ಸೆಗೆ ಬೇಕಾದ ಅಂಶವನ್ನು ವೈದ್ಯರಿಗೋ ನರ್ಸಿಗೋ ಒಬ್ಬರೇ ಇದ್ದಾಗ ತಿಳಿಸಿ, ‘ಇದನ್ನು ಮನೆಯವರಿಗೆ ಹೇಳಬೇಡಿ’ ಎಂದೂ ಸೇರಿಸಿ. ಅದನ್ನು ಕಾಪಾಡುವುದು ಅವರ ವೃತ್ತಿಧರ್ಮ.

ಪ್ರಜ್ಞೆಯಿಲ್ಲದ ರೋಗಿಯ ಧರ್ಮವನ್ನು ಕರೆತಂದವರು ಹೇಳಬಹುದೇ?

ಅವರು ಹೇಳಿದ್ದನ್ನು ‘ಇಂಥವರು ತಿಳಿಸಿದಂತೆ’ ಎಂದು ಬರೆದುಕೊಳ್ಳಬಹುದು, ರೋಗಿಯ ಹೇಳಿಕೆಯಾಗಿ ಅಲ್ಲ. ಜೇಬಿನಲ್ಲಿ, ಪರ್ಸಿನಲ್ಲಿ ಮುಂಗಡ ನಿರ್ದೇಶನದ ಕಾರ್ಡು (ಯಾವ ಚಿಕಿತ್ಸೆ ಬೇಕು, ಬೇಡ ಎಂದು ಮೊದಲೇ ಬರೆದಿಟ್ಟದ್ದು) ಇದೆಯೇ ನೋಡಬೇಕು. ಎಚ್ಚರವಾದ ಮೇಲೆ ಮತ್ತೊಮ್ಮೆ ಕೇಳಿ ಸರಿಪಡಿಸಬೇಕು. ಈ ಕೊನೆಯ ಕೆಲಸವೇ ಸಾಮಾನ್ಯವಾಗಿ ಮರೆತುಹೋಗುವುದು.

ಮೈಮೇಲಿನ ಧಾರ್ಮಿಕ ವಸ್ತುಗಳನ್ನು ತೆಗೆಯಲೇಬೇಕೆ?

ಎಂಆರ್‌ಐ ಕೋಣೆಗೆ ಲೋಹ ಒಯ್ಯುವಂತಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವ ಜಾಗದಿಂದ ದೂರವಿರುವ ದಾರ, ಕಡಗಗಳನ್ನು ಟೇಪು ಸುತ್ತಿ ಉಳಿಸಿಕೊಳ್ಳಲು ಎಷ್ಟೋ ಸಲ ಸಾಧ್ಯವಿದೆ. ತಲೆಯ ವಸ್ತ್ರದ ಬದಲು ಶಸ್ತ್ರಕೋಣೆಯ ಟೋಪಿ ತೊಡಿಸಬಹುದು. ಕತ್ತರಿಸಿ ತೆಗೆಯುವ ಮುನ್ನ ಕೇಳುವುದು ಸೌಜನ್ಯ. ಇದಕ್ಕೆ ಧರ್ಮದ ಹೆಸರು ಬೇಕಾಗಿಲ್ಲ, ಕಣ್ಣಿಗೆ ಕಾಣುವ ವಸ್ತುವೇ ಸಾಕು.

ಸಾವು ಸಂಭವಿಸಿದಾಗ?

ಧರ್ಮ ತಿಳಿದಿರುವುದರಿಂದ ನಿಜವಾಗಿ ಉಪಕಾರವಾಗುವ ಸಂದರ್ಭ ಇದೇ ಎಂದು ನನ್ನ ಅನುಭವ. ಮುಸ್ಲಿಮರಲ್ಲೂ ಯಹೂದಿಗಳಲ್ಲೂ ಆದಷ್ಟು ಬೇಗ ದಫನವಾಗಬೇಕೆಂಬ ಕಟ್ಟಳೆಯಿದೆ, ಮರಣೋತ್ತರ ಪರೀಕ್ಷೆಗೆ ಆಕ್ಷೇಪವೂ ಇರುತ್ತದೆ. ಕ್ಯಾಥೊಲಿಕರು ಜೀವವಿರುವಾಗಲೇ ಪಾದ್ರಿಯಿಂದ ಪ್ರಾರ್ಥನೆಯೊಡನೆ ಪವಿತ್ರ ತೈಲ ಹಚ್ಚಿಸಿಕೊಳ್ಳಲು ಬಯಸಬಹುದು. ಬದುಕುವ ಭರವಸೆಯಿಲ್ಲದ ನವಜಾತ ಶಿಶುವಿಗೆ ಜ್ಞಾನಸ್ನಾನವನ್ನು (ಬ್ಯಾಪ್ಟಿಸಂ) ಕೇಳಬಹುದು. ಹಿಂದೂ ಮನೆಗಳಲ್ಲಿ ಕೊನೆಯ ಗಳಿಗೆಯಲ್ಲಿ ಬಾಯಿಗೆ ಗಂಗಾಜಲ ಬಿಡಬೇಕೆಂಬ ಆಸೆಯಿರುತ್ತದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾದು ನಿಂತವರಿಗೆ ಎರಡು ನಿಮಿಷ ಒಳಬಿಡುವುದಕ್ಕೂ ಬಿಡದಿರುವುದಕ್ಕೂ ಇರುವ ಅಂತರವನ್ನು ಅವರು ಜೀವನಪರ್ಯಂತ ಮರೆಯುವುದಿಲ್ಲ.

ಹಾಗಿದ್ದರೂ, ಯಾವ ಕ್ರಮವನ್ನು ಅನುಸರಿಸಬೇಕೆಂದು ಮನೆಯವರನ್ನು ಕೇಳಿಯೇ ನಡೆಯಬೇಕು. ಕಾನೂನಿನಂತೆ ಮರಣೋತ್ತರ ಪರೀಕ್ಷೆ ಕಡ್ಡಾಯವಾದ ಪ್ರಕರಣಗಳಲ್ಲಿ ಆಸ್ಪತ್ರೆಗೆ ಬಿಡುವ ಅಧಿಕಾರವಿಲ್ಲ. ಬೇಗ ಮುಗಿಸಿಕೊಡುವಂತೆ ಕೋರುವುದಷ್ಟೇ ಸಾಧ್ಯ, ಮತ್ತು ಅದನ್ನು ಕೋರಬೇಕು.

ಹಾಗಾದರೆ ಆಸ್ಪತ್ರೆ ಹೇಗೆ ಕೇಳಬೇಕು?

ಹೊರರೋಗಿ ನೋಂದಣಿಯಿಂದ ಈ ಕಾಲಂ ತೆಗೆದುಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಿವಿನೋವಿಗೆ ಬಂದು ಅರ್ಧ ಗಂಟೆಯಲ್ಲಿ ಹೊರಡುವವರ ಧರ್ಮದಿಂದ ಯಾರಿಗೂ ಪ್ರಯೋಜನವಿಲ್ಲ. ಒಳರೋಗಿಯಾಗಿ ದಾಖಲಾದವರಿಗೆ ವಾರ್ಡಿನಲ್ಲಿ ನರ್ಸ್ ಮೊದಲ ವಿಚಾರಣೆ ಮಾಡುವಾಗ, ಪರದೆ ಎಳೆದುಕೊಂಡು, ಅವಸರವಿಲ್ಲದೆ ಕೇಳಬಹುದು: ‘ನಿಮ್ಮ ನಂಬಿಕೆ, ಆಚರಣೆಗಳಿಗೆ ಸಂಬಂಧಿಸಿ ನಾವು ತಿಳಿದಿರಬೇಕಾದದ್ದು ಏನಾದರೂ ಇದೆಯೇ? ಊಟ, ಉಪವಾಸ, ಔಷಧ, ರಕ್ತ, ಪರೀಕ್ಷೆ ಮಾಡುವವರು ಹೆಂಗಸರೇ ಆಗಿರಬೇಕೆಂಬ ಬಯಕೆ, ಇಂಥದ್ದು ಯಾವುದಾದರೂ?’ ಇದಕ್ಕೆ ಕೆಲವರು ಎರಡು ವಾಕ್ಯ ಹೇಳುತ್ತಾರೆ, ಹೆಚ್ಚಿನವರು ‘ಏನೂ ಇಲ್ಲ ಸಿಸ್ಟರ್’ ಎನ್ನುತ್ತಾರೆ. ದೀರ್ಘ ಅಥವಾ ಗುಣವಾಗದ ಕಾಯಿಲೆಯವರೊಡನೆ ಇದನ್ನು ಮುಂದುವರಿಸಲು ಅಮೆರಿಕದ ವೈದ್ಯೆ ಕ್ರಿಸ್ಟೀನಾ ಪುಚಾಲ್‌ಸ್ಕಿ 1990ರ ದಶಕದಲ್ಲಿ ರೂಪಿಸಿದ ‘ಫೀಕಾ’ ಎಂಬ ಪ್ರಶ್ನಾವಳಿಯಿದೆ. ನಂಬಿಕೆ ಏನು, ಬದುಕಿನಲ್ಲಿ ಅದಕ್ಕೆಷ್ಟು ಮಹತ್ವ, ಜೊತೆಗಿರುವ ಸಮುದಾಯ ಯಾವುದು, ಚಿಕಿತ್ಸೆಯಲ್ಲಿ ಅದನ್ನು ನಾವು ಹೇಗೆ ಗಮನಿಸಬೇಕು ಎಂಬ ಕ್ರಮದಲ್ಲಿ ಮಾತು ಸಾಗುತ್ತದೆ. ಬದುಕಿಗೆ ಅರ್ಥ ಕೊಡುವುದು ಯಾವುದೆಂದು ಕೇಳುವುದರಿಂದ ಧರ್ಮವಿಲ್ಲದವರಿಗೂ ಅದರಲ್ಲಿ ಉತ್ತರಿಸಲು ಜಾಗವಿದೆ.

ಧರ್ಮ ಹೇಳಿದ ಮೇಲೆ ನನ್ನನ್ನು ಬೇರೆ ರೀತಿ ನಡೆಸಿಕೊಂಡರೆಂದು ಅನಿಸಿದರೆ?

ಆದದ್ದನ್ನು ಅಂದೇ ಬರೆದಿಡಿ: ದಿನ, ಹೊತ್ತು, ವಾರ್ಡು, ಆಡಿದ ಮಾತು ಆಡಿದ ಹಾಗೆಯೇ, ಜೊತೆಗಿದ್ದವರು ಯಾರು ಎಂಬುದೆಲ್ಲ. ಮೊದಲು ವಾರ್ಡಿನ ಮೇಲ್ವಿಚಾರಕಿಗೆ, ನಂತರ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ನಡವಳಿಕೆಯಾದರೆ ವೈದ್ಯಕೀಯ ಪರಿಷತ್ತಿಗೆ, ಆಸ್ಪತ್ರೆಯ ಕ್ರಮವೇ ಹಾಗಿದ್ದರೆ ಮಾನವ ಹಕ್ಕುಗಳ ಆಯೋಗದಂತಹ ಸಂಸ್ಥೆಗೆ ಹೋಗಬಹುದು. ಚಿಕಿತ್ಸೆ ನಡೆಯುತ್ತಿರುವಾಗಲೇ ದೂರು ಕೊಟ್ಟರೆ ತೊಂದರೆಯಾದೀತೆಂದು ಅಳುಕಿದ್ದರೆ ಡಿಸ್ಚಾರ್ಜ್ ಆದ ಮೇಲೆ ಕೊಡಿ, ಆದರೆ ಕೇಸ್ ಶೀಟಿನ ಪ್ರತಿಯನ್ನು ಹೊರಡುವ ಮೊದಲೇ ಕೇಳಿ ಪಡೆದುಕೊಳ್ಳಿ.